ಭಾಗ್ಯಾಳ ಟಿಕಳಿ ಬಟನ್ನು

ರಾಯಬಾಗದ ಬಸ್‌ಸ್ಟ್ಯಾಂಡಿಗೆ ಬಂದವರು ಭಾಗ್ಯಾಳ ಅಂಗಡಿಯನ್ನು ಕಣ್ಣಿನಿಂದ ಹುಡುಕುವುದಿಲ್ಲ, ಕಿವಿಯಿಂದ ಹುಡುಕುತ್ತಾರೆ. ಬೋರ್ಡು ಅಂತ ಒಂದಿದೆ, ಇಲ್ಲವೆಂದಲ್ಲ. ಬಿಸಿಲಿಗೆ ಬಣ್ಣ ಹಾರಿಹೋಗಿ, ಅದರಲ್ಲಿ ಏನು ಬರೆದಿತ್ತೆಂದು ಈಗ ಆಕೆಯೇ ನೆನಪು ಮಾಡಿಕೊಂಡು ಹೇಳಬೇಕು. ಆದರೆ ಶಟರಿನ ಮೇಲೆ ತಂತಿ ಬಿಗಿದು ಕಟ್ಟಿದ ತುತ್ತೂರಿಬಾಯಿಯ ಭೋಂಗಾ ಸ್ಪೀಕರು ಒಂದಿದೆ ನೋಡಿ, ಅದು ಸ್ವಲ್ಪ ಹೊತ್ತು ಬಾಯಿ ಮುಚ್ಚಿದರೆ ಸಾಕು, ಚಹಾದ ಗಾಡಿಯವನಿಂದ ಹಿಡಿದು ಬಸ್ಸಿನ ಕಂಡಕ್ಟರುಗಳವರೆಗೆ ಎಲ್ಲರೂ ಒಳಗೆ ಇಣುಕುತ್ತಾರೆ. "ಯಾಕವಾ, ಆರಾಮ ಇಲ್ಲೇನ?"

ಆಕೆ ಮಾರುವುದು ಸದ್ದು. ನಗಬೇಡಿ, ನಮ್ಮ ಕಡೆ ಸದ್ದಿಗೆ ಬಹಳ ಬೇಡಿಕೆ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಟ್ರ್ಯಾಕ್ಟರ್ ಡ್ರೈವರುಗಳು ಪೆನ್‌ಡ್ರೈವ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಹಾಡಿಲ್ಲದೆ ಅವರ ಗಾಡಿ ಗೇರು ಬದಲಿಸುವುದಿಲ್ಲ. ಉಳ್ಳಾಗಡ್ಡಿ ಮಾರುವವರಿಗೆ, ಹಳೇ ಕಬ್ಬಿಣ ಕೊಳ್ಳುವವರಿಗೆ ಓಣಿಯಲ್ಲಿ ಕೂಗಲು ಕೂಗು ಬೇಕು; ಅದೂ ಎರಡೆರಡು ಸಲ ಬೇಕು, ಯಾಕೆಂದರೆ ಕಾಗವಾಡದ ಗಡಿ ದಾಟಿದ ಮೇಲೆ ಉಳ್ಳಾಗಡ್ಡಿ ಮರಾಠಿಯಲ್ಲಿ ಕಾಂದಾ ಆಗುತ್ತದೆ. ಇವೆಲ್ಲದರ ಮೇಲೆ ಡೊಳ್ಳಿನ ಪದದವರು. ಸುತ್ತಲಿನ ಹಾಡುವ ಮ್ಯಾಳಗಳಿಗೆಲ್ಲ ಪದ ತುಂಬಿಸಿಕೊಳ್ಳಲು, ಅಂದರೆ ರೆಕಾರ್ಡ್ ಮಾಡಿಸಿಕೊಳ್ಳಲು, ಭಾಗ್ಯಾಳ ಅಂಗಡಿಯೇ ಆಗಬೇಕು. ಹಿಂದಿನ ಕೋಣೆಯ ನಾಲ್ಕೂ ಗೋಡೆಗೆ ಆಕೆ ತವರಿನ ಕಂಬಳಿಗಳನ್ನು ತೂಗುಹಾಕಿದ್ದಾಳೆ. ಕುರಿಯ ಉಣ್ಣೆ ಹೊರಗಿನ ಬಸ್ಸಿನ ಗದ್ದಲವನ್ನು ಒಳಗೆ ಬಿಡುವುದಿಲ್ಲ, ಒಳಗಿನ ದನಿಯನ್ನು ಗೋಡೆಗೆ ಬಡಿದು ವಾಪಸು ಬರಲೂ ಬಿಡುವುದಿಲ್ಲ. ಮಳೆಗಾಲದಲ್ಲಿ ಸ್ವಲ್ಪ ನಾರುತ್ತದೆ, ಅಷ್ಟೇ.

ಕುರಿಗಾರರ ಮಗಳು ಈಕೆ. ಚಿಕ್ಕವಳಿದ್ದಾಗ ಬಸುರಿ ಕುರಿಯ ಹೊಟ್ಟೆಗೆ ಕಿವಿ ಇಟ್ಟು ಕೂತುಬಿಡುತ್ತಿದ್ದಳಂತೆ. ಕರೆಂಟಿನ ಕಂಬ ಕಂಡರೆ ಕಿವಿ, ಬೋರಿನ ಪೈಪು ಕಂಡರೆ ಕಿವಿ. ಸಕ್ಕರೆ ಕಾರ್ಖಾನೆಯ ಸೈರನ್ನು ಮೋಡ ಕವಿದ ದಿನ ಹತ್ತಿರದಲ್ಲಿ ಕೂಗಿದ ಹಾಗೆ ಯಾಕೆ ಕೇಳುತ್ತದೆ ಎಂದು ಕೇಳಿ ಕೇಳಿ ಇಡೀ ಕುರಿದಡ್ಡಿಯವರ ತಲೆ ತಿಂದಿದ್ದಳು. "ನಾ ಮಗಳನ್ನ ಹಡದಿಲ್ಲ, ಬರೇ ಎರಡ ಕಿವಿ ಹಡದೇನಿ" ಎಂದು ಅವ್ವ ಹಣೆ ಬಡಿದುಕೊಳ್ಳುತ್ತಿದ್ದಳು. ಆ ಕಿವಿಗಳೇ ಮುಂದೆ ಆಕೆಗೆ ಅನ್ನ ಹಾಕಿದವು.

ಇಂಥ ಭಾಗ್ಯಾಳಿಗೆ ಇದ್ದದ್ದು ಒಂದೇ ಕಾಟ. ಅಂಗಡಿಯ ಕಂಪ್ಯೂಟರು ಹಳೇ ಕಾಲದ ಡಬ್ಬಿ, ಮೇಜಿನ ಕೆಳಗೆ ಗೋಡೆಗೆ ಬೆನ್ನು ಹಚ್ಚಿ ಕೂತದ್ದು. ಪದವನ್ನು ತಿದ್ದುವಾಗ, ನಡುವಿನ ಕೆಮ್ಮು ಕೀರಲು ಕತ್ತರಿಸುವಾಗ, ತಲೆಗೆ ಹೆಡ್‌ಸೆಟ್ ಬೇಕು. ಗಿರಾಕಿಗೆ ಕೇಳಿಸುವಾಗ ಸ್ಪೀಕರು ಬೇಕು, ಬೀದಿಗೆ ಕೇಳಿಸುವ ಭೋಂಗಾವೂ ಅದಕ್ಕೇ ಜೋಡಿಸಿದ್ದು. ಎರಡಕ್ಕೂ ಡಬ್ಬಿಯ ಬೆನ್ನಲ್ಲಿ ಇದ್ದದ್ದು ಒಂದೇ ತೂತು. ಇದನ್ನು ಕಿತ್ತು ಅದನ್ನು ಚುಚ್ಚು, ಅದನ್ನು ಕಿತ್ತು ಇದನ್ನು ಚುಚ್ಚು. ದಿನವೆಲ್ಲ ಮೇಜಿನ ಕೆಳಗೆ ನುಗ್ಗುವುದು, ಜೇಡದ ಬಲೆ ತಲೆಗೆ ಮೆತ್ತಿಕೊಂಡು ಹೊರಗೆ ಬರುವುದು. ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಗಂಡ ಲಖನ ಇದನ್ನು ನೋಡಿ ಹಲ್ಲು ಕಿರಿಯುತ್ತಿದ್ದ.

"ದೇವರಿಗಿ ಇಷ್ಟ ಅಡ್ಡ ಬಿದ್ದಿದ್ರ, ಅಂವ ಎದ್ದ ಬಂದ ಏನ ಬೇಕವಾ ಅಂತಿದ್ದ."

"ನಗ್ರಿ, ನಗ್ರಿ. ಸೊಂಟಾ ನಂದಲ್ಲ? ನಿಮ್ಮದಾಗಿದ್ರ ಗೊತ್ತಾಗ್ತಿತ್ತ."

ಮಾತಿಗೆ ಹಾಗೆ ಅಂದನೇ ಹೊರತು, ಮುಂದಿನ ವಾರ ನಿಪ್ಪಾಣಿಯ ಪೇಟೆಗೆ ಹೋದವನು ಯುಎಸ್‌ಬಿ ವಯರಿನ ಹೊಸ ಹೆಡ್‌ಸೆಟ್ ತಂದು ಆಕೆಯ ಮುಂದೆ ಇಟ್ಟ. ಅದರ ತೂತು ಬೇರೆ, ಡಬ್ಬಿಯ ಮೋರೆಯ ಮೇಲೇ ಇತ್ತು. ಎರಡೂ ಒಟ್ಟಿಗೆ ಚುಚ್ಚಿಕೊಂಡೇ ಇರಬಹುದು. ಭಾಗ್ಯಾ ಪರದೆಯ ಮೂಲೆಯಲ್ಲಿ, ಗಡಿಯಾರದ ಪಕ್ಕದಲ್ಲಿ, ಇಷ್ಟೇ ಇಷ್ಟು ಸ್ಪೀಕರಿನ ಚಿತ್ರ ಇರುತ್ತದಲ್ಲ, ಅದನ್ನು ಒತ್ತಿ ನೋಡಿದಳು. ಎರಡು ಹೆಸರು ಇಳಿದುಬಂದವು. ಒಂದನ್ನು ಆರಿಸಿದರೆ ಹಾಡು ಬೀದಿಗೆ, ಇನ್ನೊಂದನ್ನು ಆರಿಸಿದರೆ ಕಿವಿಗೆ. ಅಯ್ಯೋ ಶಿವನೇ, ಇಷ್ಟು ದಿನ ನೆಲ ಗುಡಿಸಿದ್ದು ಯಾತಕ್ಕೆ!

ಅಷ್ಟಕ್ಕೇ ಸುಮ್ಮನಾದರೆ ಆಕೆ ಭಾಗ್ಯಾ ಹೇಗಾದಾಳು? ಆ ಹೆಸರು ಆರಿಸುವ ಕೆಲಸವೂ ಯಾಕೆ, ಒಂದೇ ಏಟಿಗೆ ಆಗುವುದಿಲ್ಲವೇ ಎಂಬ ಹುಳ ತಲೆಗೆ ಹೊಕ್ಕಿತು. ಅಲ್ಲಿ ಇಲ್ಲಿ ಕೆದಕಿ, ವಿಡಿಯೋ ನೋಡಿ, ಸಣ್ಣದೊಂದು ಪ್ರೋಗ್ರಾಂ ಇಳಿಸಿಕೊಂಡು, ಕೀಬೋರ್ಡಿನ ಮೇಲಿನ ಸಾಲಿನ ಒಂದು ಬಟನ್ನಿಗೆ ಆ ಕೆಲಸ ಹಚ್ಚಿದಳು. ಒಮ್ಮೆ ಒತ್ತಿದರೆ ಕಿವಿಗೆ, ಮತ್ತೊಮ್ಮೆ ಒತ್ತಿದರೆ ಬೀದಿಗೆ. ಹಾಡು ನಡೆದಿರುವಾಗಲೇ ಒತ್ತಿದರೂ ಸರಿ, ಇಲ್ಲಿ ನಿಂತದ್ದು ಅಲ್ಲಿ ಹಾಡುತ್ತದೆ. ಕಣ್ಣು ಮುಚ್ಚಿ ಕೇಳುವಾಗಲೂ ಬೆರಳಿಗೆ ಸಿಗಲಿ ಎಂದು ತನ್ನ ಹಣೆಯ ಕೆಂಪು ಟಿಕಳಿಯನ್ನೇ ಕಿತ್ತು ಆ ಬಟನ್ನಿಗೆ ಅಂಟಿಸಿದಳು. ಅವತ್ತು ಸಂಜೆತನಕ ಬಸ್‌ಸ್ಟ್ಯಾಂಡಿನವರಿಗೆ ಒಂದು ಹಾಡೂ ಪೂರ್ತಿ ಕೇಳಲಿಲ್ಲ. ಆಕೆ ಒತ್ತುವುದು, ನಗುವುದು, ಮತ್ತೆ ಒತ್ತುವುದು ಮಾಡುತ್ತಲೇ ಇದ್ದಳು.

ಹೆಡ್‌ಸೆಟ್ಟಿನಲ್ಲಿ ಮೊದಲ ಸಲ ತಮ್ಮ ದನಿ ಕೇಳಿಸಿಕೊಂಡವರ ಮುಖ ನೋಡುವುದು ಆಕೆಗೆ ದೊಡ್ಡ ಚಟ. ಹರೆಯದ ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ಒಬ್ಬ ಉಳ್ಳಾಗಡ್ಡಿಯವನು ಸಿಟ್ಟಿಗೆದ್ದು ಇದನ್ನು ಅಳಿಸು, ಬೇರೆಯವರ ಹತ್ತಿರ ಹೇಳಿಸು ಎಂದಿದ್ದ. ಡೊಳ್ಳಿನ ಪದದ ಸತ್ತೆವ್ವ ಹಿಂದಿನ ವರ್ಷ ಮೊದಲ ಸಲ ಬಂದಾಗಲಂತೂ ಮುಖ ಕಿವುಚಿ ಕೇಳಿದ್ದಳು: "ಯಾರಬೇ ಈ ಮುದಕಿ? ಗಂಟಲಾಗ ಕಲ್ಲ ಸಿಕ್ಕಾಂಗ ಹಾಡ್ತಾಳ."

"ನೀನ, ಆಯಿ."

"ಹುಚ್ಚಿ! ನನ್ನ ದನಿ ನನಗ ಗೊತ್ತಿಲ್ಲೇನ?"

ಈ ಸತ್ತೆವ್ವ ಅಂದರೆ ಸಾಮಾನ್ಯದವಳಲ್ಲ. ಹಾಡಕಿ ಅಂದರೆ ಹಾಡಿನಲ್ಲೇ ಆಡುವ ಜಗಳ. ಎರಡು ಮ್ಯಾಳ ಎದುರಾಬದುರು ಕೂತು ಡೊಳ್ಳು ಬಾರಿಸುತ್ತ, ಒಬ್ಬರು ಪದದಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಕೂತಲ್ಲೇ ಪದ ಕಟ್ಟಿ ಜವಾಬು ಕೊಡಬೇಕು. ಸತ್ತೆವ್ವನಿಗೆ ಎದುರಾಗಿ ಕೂರುವವನು ಅಥಣಿ ಕಡೆಯ ಭೀಮಸಿ. ತಲೆ ನರೆಯುವತನಕ ಇಬ್ಬರೂ ಎದುರಾಬದುರು ಕೂತು ಹಾಡಿದ್ದಾರೆ, ಆಕೆ ಹಾಕಿದ ಒಂದೇ ಒಂದು ಸವಾಲೂ ಅವನ ಮುಂದೆ ನಿಂತಿಲ್ಲ. ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಜವಾಬು ಕಟ್ಟಿಬಿಡುತ್ತಾನೆ, ಭಾಡ್ಯಾ! ಈಗ ಸತ್ತೆವ್ವನಿಗೆ ಉಸಿರು ಹತ್ತುವುದಿಲ್ಲ. ಕಾಗವಾಡದ ಹತ್ತಿರದ ಹಳ್ಳಿಯಲ್ಲಿ ಬಾಬಾಸಾಹೇಬ ಎಂಬವರ ಹೊಸ ಮನೆಯ ವಾಸ್ತುಶಾಂತಿಗೆ ಹಾಡಕಿ ಗೊತ್ತಾಗಿತ್ತು. ಅದೇ ತನ್ನ ಕಡೆಯ ಹಾಡಕಿ ಎಂದು ಆಕೆ ಎಲ್ಲರಿಗೂ ಹೇಳಿಬಿಟ್ಟಿದ್ದಳು. ಅದಕ್ಕೆಂದೇ ವರ್ಷವೆಲ್ಲ ಕೂತು ಒಂದು ಸವಾಲು ಕಟ್ಟಿದ್ದಳು. ಭೀಮಸಿ ಒಮ್ಮೆಯಾದರೂ ಬಾಯಿ ತೆರೆದುಕೊಂಡು ಕೂರಬೇಕು, ಅದನ್ನು ತಾನು ನೋಡಬೇಕು. ಆಕೆಗೆ ಬೇರೇನೂ ಬೇಕಿರಲಿಲ್ಲ.

ಸವಾಲಿಗೆ ಒಂದೇ ಕಟ್ಟಳೆ: ಹಾಡುವ ದಿನದತನಕ ಅದು ಎದುರಿನವರ ಕಿವಿಗೆ ಬೀಳಬಾರದು. ಮ್ಯಾಳದ ಹೆಂಗಸರು ಬೇರೆ ಬೇರೆ ಊರಿನವರು, ಮೊಬೈಲಿನಲ್ಲಿ ಕೇಳಿ ಕಲಿಯಲಿ ಎಂದು ಸತ್ತೆವ್ವ ಅದನ್ನು ತುಂಬಿಸಲು ರಾಯಬಾಗಕ್ಕೆ ಬಂದಳು. ಎರಡೂ ಮ್ಯಾಳದವರು ಭಾಗ್ಯಾಳ ಗಿರಾಕಿಗಳೇ. ಆದರೂ ಒಂದು ಮ್ಯಾಳದ ಪದ ಇನ್ನೊಂದು ಮ್ಯಾಳಕ್ಕೆ ಇಲ್ಲಿಯವರೆಗೆ ಸೋರಿದ್ದಿಲ್ಲ. ಆ ನಂಬಿಕೆಯಿಂದಲೇ ಅಂಗಡಿ ನಡೆದಿದ್ದು.

ಕಂಬಳಿ ಕೋಣೆಯಲ್ಲಿ ಕೂತು ಸತ್ತೆವ್ವ ಹಾಡಿದಳು.

ಊರಿಗೆಲ್ಲ ಗುರತ ಐತಿ
ಕೇರಿಗೆಲ್ಲ ಗುರತ ಐತಿ
ಹೊತ್ತ ಧಣಿಗಿ ಗುರತ ಇಲ್ಲೋ
ಹೇಳೋ ಜಾಣಾ

ಹುಟ್ಟಿದಂದ ಜೋಡಿ ಬಂತು
ಮುಟ್ಟಿದವರ ಕೈಗಿ ಸಿಗದು
ಕನ್ನಡ್ಯಾಗೂ ಕಾಣವಲ್ತು
ಯಾವುದೋ ಜಾಣಾ

"ಏನಾಯಿ ಅದು?" ಭಾಗ್ಯಾ ತಡೆಯಲಾರದೆ ಕೇಳಿದಳು.

"ಹೇಳಿದ್ರ ಸವಾಲಿನ ಜೀವಾ ಹೋಗ್ತೈತಿ ಮಗಳ. ನನ್ನ ಮ್ಯಾಳದವರಿಗೂ ಹೇಳಿಲ್ಲ."

ಭಾಗ್ಯಾ ಕೆಮ್ಮುಗಳನ್ನು ಕತ್ತರಿಸಿದಳು, ಹೆಡ್‌ಸೆಟ್ಟನ್ನು ಸತ್ತೆವ್ವನ ತಲೆಗೆ ಏರಿಸಿದಳು, ಟಿಕಳಿ ಬಟನ್ನು ಒತ್ತಿ ಸದ್ದು ಕಿವಿಗೆ ಹೋಗುತ್ತಿದೆ ಎಂದು ಖಾತ್ರಿ ಮಾಡಿಕೊಂಡಳು. "ಕೇಳಾಕತ್ತಿರು ಆಯಿ, ಚಾ ತರ್ತೇನಿ" ಎಂದು ಹೊರಗೆ ನಡೆದಳು.

ಡೊಳ್ಳಿನ ಪದ ಯಾವುದೇ ಇರಲಿ, ಮೊದಲು ಬೀರದೇವರ ಹೆಸರು ಎತ್ತಿಯೇ ಮುಂದಿನದು. ಆ ಹೆಸರು ಬಂದಾಗ ಹಾಡುವವರು ಡೊಳ್ಳಿಗೆ ಹಚ್ಚಿದ ಭಂಡಾರದ ಅರಿಶಿನವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಸತ್ತೆವ್ವನ ಕೈಗೆ ಇದು ಹುಟ್ಟಿನಿಂದ ಬಂದ ರೂಢಿ; ಆಕೆಯ ಬೆರಳಿನ ತುದಿಯಿಂದ ಭಂಡಾರ ಮಾಸುವುದೇ ಇಲ್ಲ. ಕಿವಿಯಲ್ಲಿ ದೇವರ ಹೆಸರು ಬಂತು, ಮುಂದೆ ಡೊಳ್ಳಿಲ್ಲ. ಅಷ್ಟೂ ಕರಿ ಬಟನ್ನುಗಳ ನಡುವೆ ಒಂದೇ ಒಂದಕ್ಕೆ ಕುಂಕುಮ ಇಟ್ಟಂತೆ ಕೆಂಪು ಟಿಕಳಿ ಕಂಡಿತು. ಮಿಶನ್ನಿನ ದೇವರು ಇಲ್ಲಿರಬೇಕು ಎಂದುಕೊಂಡಳೋ ಏನೋ, ಭಕ್ತಿಯಿಂದ ಅದನ್ನೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಕಿವಿಯೊಳಗಿನ ಪದ ಸಟಕ್ಕನೆ ನಿಂತು ಎಲ್ಲೋ ದೂರದಿಂದ ಕೇಳತೊಡಗಿತು. ಈ ಮಿಶನ್ನಿನ ನಡತೆಯೇ ಹೀಗಿರಬೇಕು ಎಂದು ಆಕೆ ಕಣ್ಣು ಮುಚ್ಚಿ ತಲೆದೂಗುತ್ತ ಕೂತಳು.

ಭಾಗ್ಯಾ ಚಹಾದ ಗಾಡಿಯ ಮುಂದೆ ಎರಡು ಗ್ಲಾಸು ಹಿಡಿದು ನಿಂತಿದ್ದಳು. "ಏ, ಇದು ಹೊಸಾ ಪದಾ ಐತೆಲ್ಲ!" ಎಂದು ಗಾಡಿಯವನು ಕತ್ತು ಎತ್ತಿದ. ಭೋಂಗಾದಲ್ಲಿ ಸತ್ತೆವ್ವ ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಹಾಡುತ್ತಿದ್ದಳು. ಭಾಗ್ಯಾ ತಿರುಗಿ ನೋಡುತ್ತಾಳೆ, ಅಥಣಿ ಬಸ್ಸಿಗೆ ಕಾಯುವ ಕಟ್ಟೆಯ ಮೇಲೆ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಬೇರೆ ಯಾರೂ ಅಲ್ಲ, ಭೀಮಸಿ! ಕಣ್ಣು ಮುಚ್ಚಿ ಮೊಣಕಾಲ ಮೇಲೆ ಬೆರಳಲ್ಲಿ ತಾಳ ಹಾಕುತ್ತ ಕೇಳುತ್ತಿದ್ದ.

ಗ್ಲಾಸುಗಳನ್ನು ಅಲ್ಲೇ ಬಿಟ್ಟು ಓಡಿದಳು. ಅಷ್ಟರಲ್ಲಿ ಬಸ್ಸು ಒಳಗೆ ಬಂದು ಭೋಂ ಎಂದು ಹಾರ್ನು ಹೊಡೆಯಿತು. ಆಕೆ ಬಟನ್ನು ಒತ್ತುವಾಗ ಪದವೇ ಮುಗಿದಿತ್ತು. ಟಿಕಳಿಯ ಮೇಲೆ ಹಳದಿ ಭಂಡಾರದ ಬೆರಳಚ್ಚು ಕಂಡಿತು. ಏನಾಗಿದೆ ಎಂದು ಭಾಗ್ಯಾಳಿಗೆ ಆಗಲೇ ತಿಳಿಯಿತು. ಒತ್ತಿದ್ದು ಸತ್ತೆವ್ವನ ಬೆರಳೇ ಎಂಬುದನ್ನು ಮಾತ್ರ ಆಕೆಗೆ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ.

"ತಪ್ಪಾತ ಆಯಿ. ಪದಾ ಹೊರಗಿನ ಭೋಂಗಾಕ ಹೋತ. ಭೀಮಸಿ ಮುತ್ಯಾ ಕಟ್ಟಿ ಮ್ಯಾಲ ಕುಂತಿದ್ದ."

"ಕೇಳಿದ್ನ?"

"ಕೇಳಿದ."

ಸತ್ತೆವ್ವ ಹೆಡ್‌ಸೆಟ್ಟನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು. "ಒಂದ ವರ್ಷ ಹೊಟ್ಯಾಗ ಇಟ್ಕೊಂಡಿದ್ನಿ, ಮಗಳ. ನೀ ಬಜಾರದಾಗ ಒಗದಿ. ಇನ್ನೊಂದ ಕಟ್ಟಾಕ ನನಗ ಉಸರ ಎಲ್ಲೈತಿ?" ಎಂದಳು. ಚಹಾ ಕುಡಿಯದೆ, ಪದಕ್ಕೆಂದು ತಂದಿದ್ದ ಮೆಮೊರಿ ಕಾರ್ಡೂ ತೆಗೆದುಕೊಳ್ಳದೆ ಹೊರಟುಹೋದಳು. ಭಾಗ್ಯಾ ಶಟರು ಅರ್ಧ ಎಳೆದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಟಿಕಳಿಯನ್ನು ಬಟನ್ನಿನಿಂದ ಕಿತ್ತು ಪರದೆಯ ಮೇಲಿನ ಅಂಚಿಗೆ ಹಚ್ಚಿದಳು. ಕೈ ಮುಗಿಯುವವರು ಇನ್ನು ಅಲ್ಲಿ ಮುಗಿಯಲಿ.

ಮರುದಿನ ಭೀಮಸಿಯೇ ಮೆಟ್ಟಿಲು ಹತ್ತಿ ಬಂದ. ಅವನು ಈ ಅಂಗಡಿಯೊಳಗೆ ಕಾಲಿಟ್ಟದ್ದೇ ಇಲ್ಲ; ಅವನ ಮ್ಯಾಳದವರು ಬರುತ್ತಿದ್ದರು, ಅವನಲ್ಲ. ದನಿಯನ್ನು ಡಬ್ಬಿಯಲ್ಲಿ ತುಂಬಿಟ್ಟರೆ ಕಸುವು ಹೋಗುತ್ತದೆಂದು ಅವನ ನಂಬಿಕೆ. ಹಾಡುವಾಗ ಎದುರಿಗೆ ಯಾರಾದರೂ ಮೊಬೈಲ್ ಎತ್ತಿದರೆ ಡೊಳ್ಳಿನ ಕೋಲು ತೋರಿಸುವ ಆಸಾಮಿ.

"ತಂಗೆವ್ವಾ, ನಿನ್ನೆ ಸತ್ತೆಕ್ಕನ ಪದಾ ಹಚ್ಚಿದ್ದೆಲ್ಲ, ಅದರ ಕಡೀ ಸಾಲಗಳನ್ನ ಬಸ್ಸಿನ ಹಾರ್ನ್ ತಿಂದಬಿಡ್ತ. ಇನ್ನೊಮ್ಮಿ ಹಚ್ಚ."

"ನಾ ಹಚ್ಚಿದ್ದಲ್ಲರಿ ಮುತ್ಯಾ, ತಪ್ಪಿ ಹತ್ತಿದ್ದು. ಇನ್ನ ಹಚ್ಚಾಂಗಿಲ್ಲ."

ಭೀಮಸಿ ನಕ್ಕ. "ಹೋಗ್ಲಿ ಬಿಡ. ಜವಾಬಂತೂ ಸಿಕ್ಕೈತಿ. ನಂದೂ ಒಂದ ತುಂಬ್ಕೋ."

ತುಂಬಿಸುವ ಚಪಲ ಅವನಿಗೆ ಇರಲಿಲ್ಲ. ಜವಾಬು ಸರಿಯೋ ತಪ್ಪೋ ಎಂದು ಭಾಗ್ಯಾಳ ಮುಖ ನೋಡಿ ತಿಳಿಯುವ ಹಂಚಿಕೆ ಅದು. ಮುದುಕ ಕಿಲಾಡಿ. ಆದರೆ ಜವಾಬು ಆಕೆಗೂ ಗೊತ್ತಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಮೈಕು ಸರಿಮಾಡಿಕೊಳ್ಳಲು ಆಕೆ ಎಲ್ಲರಿಗೂ ಹೇಳುವಂತೆ ಅವನಿಗೂ ಹೇಳಿದಳು: "ಮೊದಲ ಯಾವುದರೆ ಒಂದ ಹಳೇ ಪದಾ ಅನ್ರಿ, ದನಿ ನೋಡ್ತೇನಿ." ಭೀಮಸಿ ಸ್ವಲ್ಪ ಯೋಚಿಸಿದ. "ನಮ್ಮಪ್ಪ ಕುರಿ ಹಿಂದ ಹೊಂಟಾಗ ಅಂತಿದ್ದ, ಅದನ್ನ ಅಂತೇನಿ" ಎಂದು, ಡೊಳ್ಳಿಲ್ಲದೆ ತಾಳವಿಲ್ಲದೆ ಸಣ್ಣಗೆ ಹಾಡಿದ: ಹಿಂಡ ಮುಂದ ಹೋತೋ ತಮ್ಮಾ, ಹಿಂದಿನ ಮರಿಯ ನೀ ಎತ್ತಿಕೋ. ಆಮೇಲೆ ಗಂಟಲು ಸರಿಮಾಡಿಕೊಂಡು ಜವಾಬು ಎತ್ತಿದ. ಊರು ನೋಡಿದೆ, ಕೇರಿ ನೋಡಿದೆ, ಹೊತ್ತವನು ಮಾತ್ರ ನೋಡಿಲ್ಲ, ಅದು ಬೆನ್ನು! ಹಾಡುತ್ತಲೇ ಅವನ ಕಣ್ಣು ಬಾಗಿಲ ಸಂದಿಯಿಂದ ಆಕೆಯ ಮುಖದ ಮೇಲೇ ನೆಟ್ಟಿತ್ತು.

ಹೆಡ್‌ಸೆಟ್ಟಿನಲ್ಲಿ ಕೇಳುತ್ತಿದ್ದ ಭಾಗ್ಯಾಳಿಗೆ ಮೊದಲು ಹೌದಲ್ಲ ಅನ್ನಿಸಿತು. ಆದರೆ ಹಾರ್ನು ತಿಂದ ಸಾಲುಗಳು ಆಕೆಗೆ ಗೊತ್ತಿದ್ದವು. ಮುಟ್ಟಿದವರ ಕೈಗೆ ಸಿಗದು. ಬೆನ್ನಾದರೆ ಸಿಗುತ್ತದೆ, ತುರಿಸಿಕೊಳ್ಳಬಹುದು, ಗುದ್ದಲೂಬಹುದು. ಹಾಗಾದರೆ ಇದಲ್ಲ. ಮತ್ತೆ ಯಾವುದು?

ಭೀಮಸಿ ಹಾಡು ಮುಗಿಸಿ ಕಂಬಳಿ ಕೋಣೆಯಿಂದ ಹೊರಗೆ ಬಂದು ಹೆಡ್‌ಸೆಟ್ಟಿಗೆ ಕೈ ಚಾಚಿದ. "ಕೇಳಸ. ನನ್ನ ದನಿ ಹೆಂಗ ಬಂದೈತಿ ನೋಡೂಣು."

ನನ್ನ ದನಿ. ಅಂದ ಕೂಡಲೇ ಭಾಗ್ಯಾಳಿಗೆ ಜವಾಬು ಹೊಳೆಯಿತು. ಯಾರಬೇ ಈ ಮುದಕಿ ಎಂದು ಹಿಂದಿನ ವರ್ಷ ಸತ್ತೆವ್ವ ಇದೇ ಕುರ್ಚಿಯಲ್ಲಿ ಕೂತು ಕೇಳಿದ್ದಳಲ್ಲ! ಊರಿಗೆಲ್ಲ ಗುರುತು, ಹೊತ್ತ ಧಣಿಗೆ ಗುರುತಿಲ್ಲ. ಆ ಮುದುಕಿ ಇಲ್ಲಿಂದಲೇ ಒಯ್ದಿದ್ದಾಳೆ ಸವಾಲನ್ನು! ಈಗ ಈ ಮನುಷ್ಯ ಹೆಡ್‌ಸೆಟ್ಟು ಏರಿಸಿಕೊಂಡು ತನ್ನ ದನಿ ಕೇಳಿ, ಇದು ಯಾರದು ಎಂದನೋ, ಅಲ್ಲಿಗೆ ಅವನಿಗೂ ಜವಾಬು ಸಿಕ್ಕಿತು. ಸತ್ತೆವ್ವನ ಕತೆ ಮುಗಿಯಿತು. ತುಂಬಿಸಿದವರಿಗೆ ಕೇಳಿಸದೆ ಕಳಿಸುವುದು ಅಂಗಡಿಯ ರೀತಿಯಲ್ಲ. ಅದೂ ಅಲ್ಲದೆ, ಅವನ ಮುಖ ಹೇಗಾಗುತ್ತದೆಂದು ನೋಡಲು ಆಕೆಯ ಜೀವ ಬಡಿದುಕೊ‌ಳ್ಳುತ್ತಿತ್ತು.

ಆದರೂ ಎಡಗೈಯಿಂದ ಮೆಲ್ಲಗೆ ಭೋಂಗಾ ಮತ್ತು ಸ್ಪೀಕರಿನ ಸ್ವಿಚ್ಚು ಆರಿಸಿದಳು. ಬಲಗೈಯಿಂದ ಟಿಕಳಿ ಇಲ್ಲದ ಆ ಬಟನ್ನು ಒತ್ತಿದಳು. ಸದ್ದೆಲ್ಲ ಬಾಯಿ ಮುಚ್ಚಿದ ಸ್ಪೀಕರಿನ ಕಡೆ ತಿರುಗಿತು. ಆಮೇಲೆ ಹೆಡ್‌ಸೆಟ್ಟನ್ನು ಅವನ ತಲೆಗೆ ಹಾಕಿ ಪದ ಓಡಿಸಿದಳು.

"ಏನೂ ಕೇಳವಲ್ತ."

"ತುಂಬಿಲ್ಲ ಕಾಣಸ್ತೈತ್ರಿ, ಮುತ್ಯಾ." ಗಿರಾಕಿಗೆ ಆಕೆ ಹೇಳಿದ ಮೊದಲ ಸುಳ್ಳು. 

ಭೀಮಸಿ ಸಿಟ್ಟಾಗುವುದಿರಲಿ, ಹಿಗ್ಗಿ ಹೀರೇಕಾಯಿಯಾದ. "ನಾ ಹೇಳ್ತಿರಲಿಲ್ಲ? ಭೀಮಸಿ ದನಿ ಮಿಶನ್ನಿಗಿ ಸಿಗೂದಲ್ಲ!" ಮೀಸೆ ತಿರುವಿಕೊಂಡು ಅಥಣಿ ಬಸ್ಸು ಹತ್ತಿದ. ಪದವನ್ನು ಅಳಿಸಬೇಕೆಂದು ಭಾಗ್ಯಾ ಕೂತಳು, ಮನಸ್ಸು ಬರಲಿಲ್ಲ. ಪೆನ್‌ಡ್ರೈವಿಗೆ ಹಾಕಿ ಸೀರೆಯ ಸೆರಗಿಗೆ ಗಂಟು ಕಟ್ಟಿದಳು.

ಹಾಡಕಿಯ ದಿನ ಲಖನನ ಟ್ರ್ಯಾಕ್ಟರಿನಲ್ಲಿ ಗಂಡ ಹೆಂಡತಿ ಇಬ್ಬರೂ ಬಾಬಾಸಾಹೇಬರ ಹೊಸ ಮನೆಗೆ ಹೋದರು. ಅಂಗಳದ ಪೆಂಡಾಲಿನಲ್ಲಿ ಹೋಳಿಗೆ ಊಟ ಮುಗಿದು ಡೊಳ್ಳು ಶುರುವಾಗಿತ್ತು. ಸತ್ತೆವ್ವ ಭಾಗ್ಯಾಳ ಕಡೆ ನೋಡಲಿಲ್ಲ. ಭಾಗ್ಯಾ ಸೌಂಡ್‌ಬಾಕ್ಸಿನವನ ಪಕ್ಕದಲ್ಲಿ ನಿಂತುಕೊಂಡಳು.

ಸತ್ತೆವ್ವನ ಹತ್ತಿರ ಬೇರೆ ಸವಾಲು ಇರಲಿಲ್ಲ. ಅದನ್ನೇ ಹಾಡಿದಳು, ಸಪ್ಪೆಯಾಗಿ, ಸೋತವಳ ಹಾಗೆ. ಭೀಮಸಿ ಆಕೆ ಮುಗಿಸುವುದನ್ನೂ ಕಾಯದೆ ಬೆನ್ನು ಎಂದು ಜವಾಬು ಹಾಡಿಬಿಟ್ಟ. ಸತ್ತೆವ್ವ ಒಂದು ಕ್ಷಣ ಬೆರಗಾಗಿ ಅವನ ಮುಖ ನೋಡಿದಳು. ಆಮೇಲೆ ಆಕೆಯ ದನಿಗೆ ಎಲ್ಲಿಂದ ಕಸುವು ಬಂತೋ, ಎದ್ದೇ ನಿಂತಳು.

"ಏ ಭೀಮಸಿ, ಮುಟ್ಟಿದವರ ಕೈಗಿ ಸಿಗದು ಅಂದೇನಿ! ನಿನ್ನ ಬೆನ್ನಿಗಿ ಒಂದ ಗುದ್ದ ಹಾಕ್ಲೇನ, ಸಿಗತೈತೋ ಇಲ್ಲೋ ನೋಡೂಣು?"

ಪೆಂಡಾಲಿಗೆ ಪೆಂಡಾಲೇ ಬಿದ್ದು ಬಿದ್ದು ನಕ್ಕಿತು. ಭೀಮಸಿ ತಡವರಿಸಿದ. ಮೊದಲೇ ಜವಾಬು ಸಿಕ್ಕಿತೆಂದು ಅಷ್ಟೂ ದಿನ ಯೋಚನೆಯನ್ನೇ ಬಿಟ್ಟಿದ್ದ. ನೆರಳು ಎಂದ, ಹಣೆಬರಹ ಎಂದ, ಒಂದೂ ಕೂಡಲಿಲ್ಲ. ಕಡೆಗೆ ಸತ್ತೆವ್ವನೇ ಡೊಳ್ಳು ಬಡಿಸಿ ಹಾಡಿ ಹೇಳಿದಳು. ಅದು ದನಿ. ನಿನ್ನ ದನಿ ಊರೆಲ್ಲ ಬಲ್ಲದು, ನೀನು ಬಲ್ಲೆಯಾ?

"ಸುಳ್ಳ!" ಭೀಮಸಿ ಗುಡುಗಿದ. "ಕೂಸ ಇದ್ದಾಗಿಂದ ಹಾಡೇನಿ. ನನ್ನ ದನಿ ನನಗ ಗುರತಿಲ್ಲ ಅಂದ್ರ ಏನ ಮಾತದು? ಸವಾಲ ಖೊಟ್ಟಿ ಐತಿ ಸತ್ತೆಕ್ಕಾ!"

ಹೌದೌದು ಎಂದರು ಕೂತವರು. ತನ್ನ ದನಿ ತನಗೆ ಗೊತ್ತಿರದವರು ಯಾರಿದ್ದಾರೆ? ಬಾಬಾಸಾಹೇಬರು "ಥಾಂಬಾ, ಥಾಂಬಾ" ಎಂದು ಮರಾಠಿಯಲ್ಲಿ ತಡೆದು ಕೈಯೆತ್ತಿದರು. ಸಜ್ಜನ ಮನುಷ್ಯ, ಸಂಕೋಚದಿಂದಲೇ ಹೇಳಿದರು: "ಆಯೀ, ಇದನ್ನ ಹೆಂಗ ಒಪ್ಪೂದ್ರಿ? ಖರೇ ಮಾಡಿ ತೋರಸಾಕ ಆಗ್ತೈತೇನು?" ಸತ್ತೆವ್ವ ನಿಧಾನಕ್ಕೆ ಕೂತು ಕೈಯಲ್ಲಿನ ತಾಳಗಳನ್ನು ಬಿಚ್ಚತೊಡಗಿದಳು.

ಭಾಗ್ಯಾ ಸೆರಗಿನ ಗಂಟು ಬಿಚ್ಚಿದಳು. ಯಾರನ್ನೂ ಕೇಳದೆ ಪೆನ್‌ಡ್ರೈವನ್ನು ಸೌಂಡ್‌ಬಾಕ್ಸಿಗೆ ಚುಚ್ಚಿದಳು. ಮೈಕು ನೋಡಲೆಂದು ಹಾಡಿದ ತುಂಡು ಮೊದಲು ಇತ್ತು.

ಹಿಂಡ ಮುಂದ ಹೋತೋ ತಮ್ಮಾ, ಹಿಂದಿನ ಮರಿಯ ನೀ ಎತ್ತಿಕೋ.

ಡೊಳ್ಳಿಲ್ಲ, ತಾಳವಿಲ್ಲ, ಬರೇ ಒಂದು ಗಂಡು ದನಿ. ಪೆಂಡಾಲಿನವರಿಗೆಲ್ಲ ಮೊದಲ ಸೊಲ್ಲಿಗೇ ಗುರುತು ಸಿಕ್ಕಿತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗಲು ಶುರುಮಾಡಿದರು. ಭೀಮಸಿ ನಗಲಿಲ್ಲ. ಕೂತವನು ಎದ್ದ. ತಲೆಯ ರುಮಾಲು ತೆಗೆದ. 

"ಅಪ್ಪಾ!" ಎಂದ.

ನಗು ನಿಂತುಹೋಯಿತು.

"ನಮ್ಮಪ್ಪನ ದನಿ! ಯಾರ ತುಂಬಿ ಇಟ್ಟಿದ್ರಿ ಇದನ್ನ? ಅಂವ ಹೋದಾಗ ನಾ ಇನ್ನಾ ಹುಡುಗ. ಅವನ ಕಾಲಕ್ಕ ಇಂಥಾ ಮಿಶನ್ ಎಲ್ಲಿದ್ದೂ?" ಸೌಂಡ್‌ಬಾಕ್ಸಿನ ಹತ್ತಿರ ಬಂದು ಅದರ ಮುಂದೆ ಬಗ್ಗಿ ನಿಂತ. ಕಣ್ಣಲ್ಲಿ ನೀರು ಧಾರೆಧಾರೆ. "ಅಪ್ಪಾ, ಇಲ್ಲಿ ಅದಿಯೇನೋ?"

 ಕಡೆಗೆ ಸತ್ತೆವ್ವ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು. ಗೆದ್ದ ಸೊಕ್ಕು ಆಕೆಯ ಮಾತಿನಲ್ಲಿ ಎಳ್ಳಷ್ಟೂ ಇರಲಿಲ್ಲ. "ಭೀಮಸಿ, ಅದು ನಿನ್ನ ದನಿ ಐತೋ."

"ನಂದು?"

"ನಿಂದ. ನಾವೆಲ್ಲಾ ಇಷ್ಟ ವರ್ಷ ಕೇಳಿದ್ದ ಇದನ್ನ."

ಅವನು ಒಬ್ಬೊಬ್ಬರ ಮುಖ ನೋಡಿದ. ಒಬ್ಬೊಬ್ಬರೂ ಹೌದೆಂದು ತಲೆಯಾಡಿಸಿದರು. ಭಾಗ್ಯಾ ಮುಂದೆ ಬಂದು ಕೈ ಮುಗಿದಳು. "ಅವತ್ತ ತುಂಬಿತ್ತರಿ ಮುತ್ಯಾ. ನಾ ಸುಳ್ಳ ಹೇಳಿದ್ನಿ." ಭೀಮಸಿ ಅದನ್ನು ಕೇಳಿಸಿಕೊಂಡನೋ ಇಲ್ಲವೋ. ಸತ್ತೆವ್ವನ ಡೊಳ್ಳಿನ ಭಂಡಾರ ತೆಗೆದು ಆಕೆಯ ಹಣೆಗೆ ಹಚ್ಚಿದ. ಸೋತವರು ಗೆದ್ದವರಿಗೆ ಮಾಡಬೇಕಾದ ಮರ್ಯಾದೆ ಅದು. ಆಮೇಲೆ ಪೆಂಡಾಲಿನ ಕಂಬಕ್ಕೆ ಒರಗಿ ಕೂತ.

ಹೊರಡುವಾಗ ಸತ್ತೆವ್ವ ಟ್ರ್ಯಾಕ್ಟರಿನ ಹತ್ತಿರ ಬಂದಳು. "ನಿನ್ನ ಅಂಗಡ್ಯಾಗ ಒಂದ ಚಾ ಬಿಟ್ಟ ಬಂದೇನಿ. ನಾಳೆ ಬರ್ತೇನಿ, ಹೇಳಿಡ" ಎಂದು ಭಾಗ್ಯಾಳ ಗಲ್ಲ ಹಿಂಡಿದಳು. ದಾರಿಯುದ್ದಕ್ಕೂ ಭಾಗ್ಯಾ ನಗುವುದನ್ನೂ ಅಳುವುದನ್ನೂ ಒಟ್ಟಿಗೇ ಮಾಡುತ್ತಿದ್ದಳೆಂದು ಲಖನ ಇವತ್ತಿಗೂ ಆಡಿಕೊಳ್ಳುತ್ತಾನೆ.

ಸತ್ತೆವ್ವ ಬಂದು ಚಹಾ ಕುಡಿದು ಹೋದ ಮೇಲೆ, ಒಂದು ಮಧ್ಯಾಹ್ನ ಭೀಮಸಿ ಬಂದ. ಮೀಸೆ ತಿರುವಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತ.

"ತಂಗೆವ್ವಾ, ಅದನ್ನ ಒಂದೀಟ ಹಚ್ಚತೀಯೇನ?"

"ದೊಡ್ಡದಾಗಿ ಹಚ್ಚಲ್ರಿ ಮುತ್ಯಾ?"

"ಬ್ಯಾಡ ಬ್ಯಾಡ. ಭೋಂಗಾಕ ಬ್ಯಾಡ. ಮನೀ ಮಾತದು."

ಭಾಗ್ಯಾ ಹೆಡ್‌ಸೆಟ್ಟನ್ನು ಅವನ ತಲೆಗೆ ಮೆಲ್ಲಗೆ ಏರಿಸಿದಳು. ಬಟನ್ನು ಒತ್ತಿದಳು. ಅವನು ಕಣ್ಣು ಮುಚ್ಚಿಕೊಂಡು, ಯಾರೋ ಎದುರಿಗೆ ಕೂತು ಮಾತಾಡುತ್ತಿದ್ದರೆ ಹೂಂಗುಟ್ಟುವಂತೆ, ಹೂಂ, ಹೂಂ ಎನ್ನತೊಡಗಿದ. ಮುಖ ನೋಡುವ ಚಟ ಇದ್ದರೂ ಆಕೆ ಅವತ್ತು ನೋಡಲಿಲ್ಲ. ಶಟರನ್ನು ಅರ್ಧ ಎಳೆದು ಚಹಾ ತರಲು ಹೊರಗೆ ಹೋದಳು. ಅಥಣಿ ಬಸ್ಸು ಬಂದು ಅವನ ಹಳ್ಳಿಯವರನ್ನೆಲ್ಲ ಹತ್ತಿಸಿಕೊಂಡು, ಹಾರ್ನು ಹೊಡೆದು ಹೊಡೆದು ಹೊರಟುಹೋಯಿತು. ಒಳಗೆ ಅವನಿಗೆ ಅದು ಕೇಳಲಿಲ್ಲ.